ಕಂಬಳದ ಕರೆಯಲ್ಲಿ ಕ್ಯಾಮೆರಾದ ಕಣ್ಣು

ಕರಾವಳಿಯ ವಾಚಕರೊಬ್ಬರು ಬರೆದ ಕಾಗದವು ಹದಿನೈದು ದಿನಗಳಿಂದ ನಮ್ಮ ಮೇಜಿನ ಮೇಲಿದೆ. ಅವರ ಅಣ್ಣನವರು ಬಹುಕಾಲದಿಂದ ಕಂಬಳದಲ್ಲಿ ಕೋಣಗಳನ್ನು ಓಡಿಸುತ್ತ ಬಂದವರು. ಮೊಣಕಾಲು ಸೋತುದರಿಂದ ಬರುವ ಋತುವೇ ತಮ್ಮ ಕಡೆಯ ಓಟವೆಂದು ಮನೆಯವರೆದುರಿಗೆ ಹೇಳಿಬಿಟ್ಟಿದ್ದಾರೆ. ಮನೆಯಲ್ಲಿ ಗೆದ್ದ ಪದಕಗಳಿವೆ. ಗೋಡೆಗೆ ತೂಗಹಾಕತಕ್ಕ ಒಂದು ಓಟದ ಚಿತ್ರ ಮಾತ್ರ ಇಲ್ಲ. ಮೂರು ಋತುಗಳಲ್ಲಿ ಸಾವಿರಾರು ಸಲ ಗುಂಡಿಯೊತ್ತಿಯೂ ಕೈಗೆ ಬಂದುದು ಮಸುಕು ಚಿತ್ರಗಳೇ. “ನೀರಿನ ಹನಿಗಳು ಮುತ್ತಿನಂತೆ ಮೂಡಿವೆ, ಹಿಂದೆ ನಿಂತ ಜನರ ಅಂಗಿಯ ಗುಂಡಿಗಳನ್ನು ಎಣಿಸಬಹುದು, ಅಣ್ಣನ ಮುಖವೊಂದೇ ಮಂಜು” ಎಂದು ಅವರು ಬರೆಯುತ್ತಾರೆ. ಅವರಲ್ಲಿರುವುದು ಹತ್ತು ವರ್ಷ ಹಳೆಯದಾದ, ಒಳಗೆ ಕನ್ನಡಿಯುಳ್ಳ ಡಿಎಸ್‌ಎಲ್‌ಆರ್ ಜಾತಿಯ ಕ್ಯಾಮೆರಾ ಮತ್ತು 300 ಮಿಲಿಮೀಟರಿನವರೆಗೆ ಎಳೆಯುವ ಜೂಮ್ ಲೆನ್ಸು. ಅಡಕೆಯ ಹಣ ಬಂದೊಡನೆ ಲಕ್ಷಗಟ್ಟಳೆ ಬೆಲೆಯ ಹೊಸದನ್ನು ಕೊಳ್ಳಬೇಕೇ, ಇದ್ದುದರಲ್ಲಿಯೇ ಸಾಗೀತೇ ಎಂಬುದು ಅವರ ಪ್ರಶ್ನೆ.

ಒಂದು ಸಂಸಾರದ ವರ್ಷದ ಆದಾಯದಲ್ಲಿ ದೊಡ್ಡ ಪಾಲು ಇದಕ್ಕೆ ಹೋಗುವುದಾದ್ದರಿಂದ ಒಂದೆರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸುವುದು ನಮಗೆ ಸರಿತೋರಲಿಲ್ಲ. ಕಂಬಳವನ್ನು ಕಾಣದ ಊರಿನವರಿಗೂ ಈ ಕಷ್ಟ ಹೊಸದಲ್ಲ. ಶಾಲೆಯ ಕ್ರೀಡಾದಿನದಲ್ಲಿ ಮಗಳು ನೂರು ಮೀಟರು ಓಡುವಾಗ, ಖೊಖೊ ಆಟದಲ್ಲಿ ಮಗನು ಕಂಬವನ್ನು ಸುತ್ತುವಾಗ ಇದೇ ಮಂಜು ಕವಿಯುವುದನ್ನು ಅನೇಕರು ಕಂಡಿರಬಹುದು.

ಮೊದಲು ರೋಗವನ್ನು ಗೊತ್ತುಮಾಡಿಕೊಂಡು ಆಮೇಲೆ ಔಷಧದ ಮಾತೆತ್ತಬೇಕು. ಚಿತ್ರವು ಮಸುಕಾದೊಡನೆ “ಫೋಕಸು ತಪ್ಪಿತು” ಎಂದುಬಿಡುವುದು ರೂಢಿಯಾಗಿದೆ. ಆದರೆ ಚಿತ್ರದಲ್ಲಿ ನಿಂತ ಬೇಲಿ, ಕಂಬ, ಜನ, ಓಡುವವನು ಎಲ್ಲವೂ ಒಂದೇ ದಿಕ್ಕಿಗೆ ಉಜ್ಜಿದಂತಿದ್ದರೆ ಅದು ಕೈನಡುಕದ ಫಲ. ಓಟಗಾರನಷ್ಟೇ ದೂರದಲ್ಲಿ ನಿಂತಿರುವ ವಸ್ತು ಸ್ಪಷ್ಟವಾಗಿದ್ದು ಅವನ ಕೈಕಾಲುಗಳು ಮಾತ್ರ ಒರಸಿದಂತಿದ್ದರೆ ಶಟರು ನಿಧಾನವಾಯಿತೆಂದು ತಿಳಿಯಬೇಕು. ಅವನ ಮುಂದಿನದೋ ಹಿಂದಿನದೋ ವಸ್ತು ನಿಚ್ಚಳವಾಗಿದ್ದು, ಅವನು ಯಾವ ದಿಕ್ಕಿಗೂ ಒರಸದೆ ಸುತ್ತಲೂ ಸಮನಾಗಿ ಮೆದುವಾಗಿದ್ದರೆ ಮಾತ್ರ ಅದು ಫೋಕಸಿನ ದೋಷ. ನಮ್ಮ ವಾಚಕರ ಕಾಗದದಲ್ಲಿ ಹನಿಗಳೂ ಹಿಂದಿನ ಜನರೂ ಸ್ಪಷ್ಟವಾಗಿರುವುದರಿಂದ ಅವರ ಚಿತ್ರಗಳು ಈ ಕಡೆಯ ಜಾತಿಗೆ ಸೇರಿದವೆನ್ನಲು ಅಡ್ಡಿಯಿಲ್ಲ.

ಇನ್ನು ಸ್ವಲ್ಪ ಲೆಕ್ಕ ಹಾಕೋಣ. ಈ ವಿಷಯದಲ್ಲಿ ಲೆಕ್ಕವೇ ಅರ್ಧ ಉತ್ತರ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರಿನ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿ ಮುಗಿಸಿದ್ದು ದೇಶವೆಲ್ಲ ಮಾತನಾಡಿಕೊಂಡ ಸಂಗತಿ. ಎಂದರೆ ಸೆಕೆಂಡಿಗೆ ಹತ್ತೂವರೆ ಮೀಟರು. ನಾವು ಗುಂಡಿಯನ್ನು ಪೂರ್ತಿ ಒತ್ತಿದ ಕ್ಷಣಕ್ಕೂ ಶಟರು ತೆರೆಯುವ ಕ್ಷಣಕ್ಕೂ ನಡುವೆ ಎಲ್ಲ ಕ್ಯಾಮೆರಾಗಳಲ್ಲಿಯೂ ಕಿಂಚಿತ್ ವಿಳಂಬವುಂಟು. ಕನ್ನಡಿಯುಳ್ಳ ಕ್ಯಾಮೆರಾಗಳ ಪೈಕಿ ಉತ್ತಮವಾದವುಗಳಲ್ಲಿ ಅದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು, ಸಾಧಾರಣವಾದವುಗಳಲ್ಲಿ ಹತ್ತನೆಯ ಒಂದು ಭಾಗದವರೆಗೆ. ಆ ಎವೆಯಿಕ್ಕುವ ಹೊತ್ತಿನಲ್ಲಿ ಕೋಣಗಳು ಅರ್ಧ ಮೀಟರಿನಿಂದ ಒಂದು ಮೀಟರು ಮುಂದೆ ಬಂದಿರುತ್ತವೆ.

ಅರ್ಧ ಮೀಟರು ಏನು ಮಹಾ ಎನ್ನಬಹುದು. ದೂರದ ವಸ್ತುವನ್ನು ಹತ್ತಿರಕ್ಕೆಳೆಯುವ ಲೆನ್ಸುಗಳಲ್ಲಿ ಸ್ಪಷ್ಟವಾಗಿ ಮೂಡುವ ಪಟ್ಟಿ ಬಹಳ ತೆಳ್ಳಗೆ. ನಮ್ಮ ವಾಚಕರ ಲೆನ್ಸನ್ನು 300ಕ್ಕೆ ಎಳೆದು, ಅದರ ಕಿಂಡಿಯನ್ನು ಎಫ್ 5.6ಕ್ಕೆ ತೆರೆದು, 30 ಮೀಟರು ದೂರಕ್ಕೆ ಫೋಕಸು ಮಾಡಿದರೆ ಹಿಂದುಮುಂದು ಸೇರಿ ಸುಮಾರು ಎರಡೂಕಾಲು ಮೀಟರು ಸ್ಪಷ್ಟವಾಗಿರುತ್ತದೆ. ಅದೇ 15 ಮೀಟರಿಗೆ ಬಂದಾಗ ಅರ್ಧ ಮೀಟರಿಗಿಂತ ಕೊಂಚ ಹೆಚ್ಚು, ಅಷ್ಟೇ. ಕೋಣದ ಮೂಗಿನಿಂದ ಹಿಂದೆ ಓಡಿಬರುವ ಮನುಷ್ಯನ ಮುಖಕ್ಕೆ ಸುಮಾರು ಮೂರು ಮೀಟರು ಅಂತರವಿದೆ. ಕ್ಯಾಮೆರಾ ಕೋಣದ ಮೂಗನ್ನು ಹಿಡಿದುಕೊಂಡರೆ ಅಣ್ಣನ ಮುಖ ಆ ಪಟ್ಟಿಯ ಹೊರಗುಳಿಯುವುದು ನಿಶ್ಚಯ. ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ. ಮುಂದಿರುವುದನ್ನು ಮೊದಲು ಹಿಡಿಯುವುದು ಅದರ ಸ್ವಭಾವ. ಕೋಣಕ್ಕಿಂತ ಮುಂದೆ ಎದ್ದ ಕೆಸರುನೀರಿನ ತೆರೆ ಕಂಡರೆ ಕೋಣವನ್ನೂ ಬಿಟ್ಟು ಅದನ್ನೇ ಹಿಡಿಯುತ್ತದೆ. ಮುತ್ತಿನಂಥ ಹನಿಗಳ ರಹಸ್ಯ ಇಷ್ಟೇ.

ತಾನಾಗಿ ಫೋಕಸು ಮಾಡಿಕೊಳ್ಳುವ ಯಂತ್ರವು ದೂರವನ್ನು ಹೇಗೆ ಅರಿಯುತ್ತದೆಂಬುದನ್ನು ತಿಳಿದರೆ ಅದಕ್ಕೆ ಎಲ್ಲಿ ಸಹಾಯ ಬೇಕೆಂಬುದೂ ತಿಳಿಯುತ್ತದೆ. ಒಂದು ವಿಧಾನವು ತಂಬೂರಿಯ ಶ್ರುತಿ ಕೂಡಿಸುವವನದು. ಬಿರಡೆಯನ್ನು ತಿರುಗಿಸುತ್ತ ಹೋಗಿ, ಸ್ವರವು ಸರಿಯಾದ ಸ್ಥಾನವನ್ನು ದಾಟಿದ ಮೇಲೆಯೇ ಅದು ಹಿಂದಿತ್ತೆಂದು ಅರಿತು ಮರಳಿ ಬರುವಂತೆ, ಲೆನ್ಸು ಮುಂದಕ್ಕೂ ಹಿಂದಕ್ಕೂ ಸರಿದು ಚಿತ್ರದ ಅಂಚುಗಳು ಅತ್ಯಂತ ತೀಕ್ಷ್ಣವಾಗುವ ಸ್ಥಾನವನ್ನು ಹುಡುಕುತ್ತದೆ. ನಿಂತ ವಸ್ತುವಿಗೆ ಇದು ಬಹು ನಿಖರ, ಓಡುವುದಕ್ಕೆ ಒಗ್ಗದು. ಇನ್ನೊಂದು ವಿಧಾನವು ನಮ್ಮ ಎರಡು ಕಣ್ಣುಗಳ ಹಾಗೆ. ಲೆನ್ಸಿನ ಎರಡು ಬದಿಗಳಿಂದ ಬಂದ ಬೆಳಕನ್ನು ಬೇರೆಬೇರೆಯಾಗಿ ತೆಗೆದುಕೊಂಡು ಎರಡು ಬಿಂಬಗಳ ನಡುವಣ ಅಂತರವನ್ನು ಅಳೆದರೆ, ಲೆನ್ಸನ್ನು ಯಾವ ಕಡೆಗೆ ಎಷ್ಟು ಸರಿಸಬೇಕೆಂಬುದು ಒಂದೇ ನೋಟಕ್ಕೆ ಸಿಕ್ಕುತ್ತದೆ. ಕನ್ನಡಿಯುಳ್ಳ ಕ್ಯಾಮೆರಾಗಳಲ್ಲಿ ದೊಡ್ಡ ಕನ್ನಡಿಯ ಹಿಂದಿರುವ ಪುಟ್ಟ ಕನ್ನಡಿಯೊಂದು ಬೆಳಕನ್ನು ತಳದಲ್ಲಿರುವ ಅಳತೆಯ ಯಂತ್ರಕ್ಕೆ ಇಳಿಸುತ್ತದೆ. ಚಿತ್ರ ತೆಗೆಯುವಾಗ ಎರಡು ಕನ್ನಡಿಗಳೂ ಮೇಲೇಳಬೇಕಾದ್ದರಿಂದ ಆ ಹೊತ್ತಿನಲ್ಲಿ ಕ್ಯಾಮೆರಾ ಕುರುಡು. ಕನ್ನಡಿಯಿಲ್ಲದ ಇಂದಿನ ಕ್ಯಾಮೆರಾಗಳಲ್ಲಿ ಚಿತ್ರ ಮೂಡುವ ಫಲಕದಲ್ಲಿಯೇ ಈ ಅಳತೆಯ ಕಣ್ಣುಗಳನ್ನು ನೆಟ್ಟಿರುತ್ತಾರೆ.

ಅಳೆದುದು ಕೋಣವು ಆಗ ಇದ್ದ ಸ್ಥಳವನ್ನು. ಚಿತ್ರ ಬೇಕಾದುದು ಅದು ಮುಂದೆ ಇರುವ ಸ್ಥಳದಲ್ಲಿ. ಆದಕಾರಣ ಯಂತ್ರವು ಒಂದರ ಮೇಲೊಂದು ಅಳತೆ ತೆಗೆದು, ವೇಗವನ್ನು ಲೆಕ್ಕಹಾಕಿ, ಶಟರು ತೆರೆಯುವಾಗ ಅದು ಎಲ್ಲಿರುವುದೆಂದು ಊಹಿಸಿ ಲೆನ್ಸನ್ನು ಅಲ್ಲಿಗೆ ಮೊದಲೇ ಒಯ್ಯಬೇಕು. ಹಕ್ಕಿಯ ಮುಂದಕ್ಕೆ ಗುರಿಯಿಡುವ ಬೇಟೆಗಾರನ ಯುಕ್ತಿಯೇ ಇದು. ಈ ಊಹೆಗೆ ಎರಡು ಶತ್ರುಗಳಿವೆ. ಓಡುವವನು ಹಠಾತ್ತನೆ ವೇಗ ಬದಲಿಸಿದರೆ ಲೆಕ್ಕ ತಪ್ಪುತ್ತದೆ. ಮತ್ತೊಂದು ಸೂಕ್ಷ್ಮವಾದುದು: ಕೋಣದ ವೇಗ ಒಂದೇ ಇದ್ದರೂ ಲೆನ್ಸು ಸರಿಯಬೇಕಾದ ವೇಗ ಒಂದೇ ಇರುವುದಿಲ್ಲ. ದೂರವು ಅರ್ಧವಾದಾಗ ಲೆನ್ಸು ನಾಲ್ಕು ಪಟ್ಟು ವೇಗದಿಂದ ಸರಿಯಬೇಕು. ಕಾಲುಭಾಗವಾದಾಗ ಹದಿನಾರು ಪಟ್ಟು. ನಲವತ್ತು ಮೀಟರಿನಲ್ಲಿ ಆರಾಮವಾಗಿ ಹಿಂಬಾಲಿಸುತ್ತಿದ್ದ ಕ್ಯಾಮೆರಾ ಹತ್ತು ಮೀಟರಿನಲ್ಲಿ ಕೈಚೆಲ್ಲುವುದಕ್ಕೆ ಇದೇ ಕಾರಣ. ಎಲ್ಲರೂ ಆಸೆಯಿಂದ ಕಾದು ಒತ್ತುವುದು ಮಾತ್ರ ಆ ಕಡೆಯ ಹತ್ತು ಮೀಟರಿನಲ್ಲಿಯೇ!

ಈ ವಿದ್ಯೆಗೆ ಅರ್ಧ ಶತಮಾನ ಸಂದಿಲ್ಲವೆಂಬುದನ್ನೂ ನೆನೆಯಬೇಕು. ಜನಸಾಮಾನ್ಯರ ಕೈಗೆ ಬಂದ ಮೊದಲ ಸ್ವಯಂಫೋಕಸಿನ ಕ್ಯಾಮೆರಾ 1977ರ ಕೋನಿಕಾ ಸಿ35 ಎಎಫ್. ಲೆನ್ಸು ಬದಲಿಸುವ ಕ್ಯಾಮೆರಾದ ಒಡಲೊಳಗೇ ಈ ಯಂತ್ರವನ್ನು ಅಡಕಮಾಡಿ ಜಯಶಾಲಿಯಾದುದು 1985ರ ಮಿನೋಲ್ಟಾ 7000. ಅದರ ತಂತ್ರವು ತಮ್ಮದೆಂದು ಅಮೆರಿಕದ ಹನಿವೆಲ್ ಸಂಸ್ಥೆಯವರು ದಾವೆ ಹೂಡಿ, 1992ರಲ್ಲಿ ಮಿನೋಲ್ಟಾದವರು 12 ಕೋಟಿ 75 ಲಕ್ಷ ಡಾಲರು ತೆತ್ತು ರಾಜಿಯಾದರು. ಓಡುವ ವಸ್ತುವಿನ ಸ್ಥಾನವನ್ನು ಊಹಿಸುವ ಶಕ್ತಿಯು 1988ರ ಮಿನೋಲ್ಟಾ 7000ಐ ಎಂಬುದರಲ್ಲಿ ಬಂದಿತು. ದುಬಾರಿಯಾದುದೆಲ್ಲ ದೋಷರಹಿತವೆಂದು ತಿಳಿಯುವುದೂ ಸಲ್ಲದು. 2007ರಲ್ಲಿ ಕ್ಯಾನನ್ ಸಂಸ್ಥೆಯವರು ಕ್ರೀಡಾ ಛಾಯಾಗ್ರಾಹಕರಿಗೆಂದೇ ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಇಒಎಸ್-1ಡಿ ಮಾರ್ಕ್ 3 ಎಂಬುದನ್ನು ಹೊರತಂದಾಗ, ಬಿಸಿಲಿನಲ್ಲಿ ಓಡುವವರನ್ನು ಹಿಂಬಾಲಿಸುವಾಗ ಫೋಕಸು ಅಲೆದಾಡುತ್ತದೆಂದು ವೃತ್ತಿಯವರೇ ದೂರಿದರು. ಆ ವರ್ಷದ ಕೊನೆಯ ವೇಳೆಗೆ ಸಂಸ್ಥೆಯವರು ಕೆಲವು ಕ್ಯಾಮೆರಾಗಳ ಪುಟ್ಟ ಕನ್ನಡಿಯ ಯಂತ್ರಾಂಗದಲ್ಲಿ ಊನವಿರುವುದನ್ನು ಒಪ್ಪಿ ಖರ್ಚಿಲ್ಲದೆ ಸರಿಪಡಿಸಿಕೊಟ್ಟರು.

ಇನ್ನು ಮಾಡತಕ್ಕುದೇನು? ನಮ್ಮ ವಾಚಕರ ಕ್ಯಾಮೆರಾ ಯಾವ ಕ್ರಮದಲ್ಲಿದೆಯೆಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಲಿ. ಅಂಗಡಿಯಿಂದ ಬಂದಾಗ ಅನೇಕ ಕ್ಯಾಮೆರಾಗಳು ಗುಂಡಿಯನ್ನು ಅರ್ಧ ಒತ್ತಿದೊಡನೆ ಫೋಕಸನ್ನು ಒಂದೆಡೆ ಬಿಗಿಹಿಡಿದು ನಿಂತುಬಿಡುತ್ತವೆ. ಮದುವೆಮನೆಯ ವಧೂವರರಿಗೆ ಇದು ಸೊಗಸು. ಅರ್ಧ ಸೆಕೆಂಡಿನಲ್ಲಿ ಐದು ಮೀಟರು ಮುಂದೆ ಬರುವ ಕೋಣಕ್ಕೆ ಇದರಿಂದ ಏನು ಪ್ರಯೋಜನ? ನಿರಂತರವಾಗಿ ಹಿಂಬಾಲಿಸುವ ಕ್ರಮವನ್ನು ಆರಿಸತಕ್ಕದ್ದು. ಕೆಲವರು ಅದನ್ನು ಎಎಫ್-ಸಿ ಎಂದೂ ಕ್ಯಾನನ್‌ನವರು ಎಐ ಸರ್ವೋ ಎಂದೂ ಕರೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಕ್ಯಾಮೆರಾ ಬದಲಾದರೂ ಚಿತ್ರ ಬದಲಾಗದಿರುವುದು ಈ ಒಂದು ತಿರುಪನ್ನು ಯಾರೂ ಮುಟ್ಟದಿರುವುದರಿಂದಲೇ ಎಂದು ನಮಗೆ ತೋರುತ್ತದೆ.

ಎರಡನೆಯದಾಗಿ, ಫೋಕಸಿನ ಬಿಂದುವನ್ನು ಆರಿಸುವ ಅಧಿಕಾರವನ್ನು ಯಂತ್ರಕ್ಕೆ ಬಿಡಕೂಡದು. ನಡುವಿನ ಒಂದು ಬಿಂದುವನ್ನೋ ಅದರ ಸುತ್ತಲಿನ ನಾಲ್ಕಾರು ಬಿಂದುಗಳ ಗುಂಪನ್ನೋ ಆರಿಸಿ, ಕೋಣಗಳು ಗಂತಿನಿಂದ ಹೊರಟಾಗಿನಿಂದಲೇ ಅದನ್ನು ಅಣ್ಣನ ಮುಖದ ಮೇಲೆ, ಎರಡು ಕೋಣಗಳ ನಡುವೆ ಕಾಣುವ ಆ ಸಂದಿನಲ್ಲಿ ನೆಡಬೇಕು. ಕಡೆಗಳಿಗೆಯಲ್ಲಿ ಕ್ಯಾಮೆರಾವನ್ನು ಎತ್ತಿ ಒತ್ತಿದರೆ ಅದಕ್ಕೆ ವೇಗ ಲೆಕ್ಕಹಾಕಲು ಅವಕಾಶವೆಲ್ಲಿ? ಮುಖವು ಕೊಂಬುಗಳ ಹಿಂದೆ ಮರೆಯಾಗುತ್ತಿದ್ದರೆ ತಲೆಗೆ ಕಟ್ಟಿದ ವಸ್ತ್ರವನ್ನು ಗುರಿಯಾಗಿಟ್ಟುಕೊಳ್ಳಲಿ. ಕೋಣವೇ ಬೇಕಾದಾಗಲೂ ಒದ್ದೆಯಾದ ಕಪ್ಪು ಮೈಯಲ್ಲಿ ಯಂತ್ರಕ್ಕೆ ಹಿಡಿತ ಸಿಕ್ಕದು. ಅಳತೆಗೆ ಬೆಳಕುನೆರಳಿನ ಗೆರೆ ಬೇಕು. ಅದು ಹಣೆಯ ಅಲಂಕಾರದಲ್ಲಿಯೋ ಹಗ್ಗದಲ್ಲಿಯೋ ನೊಗದಲ್ಲಿಯೋ ಇರುತ್ತದೆ.

ಮೂರನೆಯದು ಮುಂದೆ ಹಾರುವ ನೀರಿನ ವಿಚಾರ. ಹಿಂಬಾಲಿಸುತ್ತಿರುವ ವಸ್ತುವಿನ ಮುಂದೆ ಏನಾದರೂ ಅಡ್ಡಬಂದರೆ ಕೂಡಲೆ ಅದಕ್ಕೆ ಹಾರಬೇಕೇ, ಸ್ವಲ್ಪ ತಾಳಬೇಕೇ ಎಂಬುದನ್ನು ಮಧ್ಯಮ ದರ್ಜೆಗಿಂತ ಮೇಲಿನ ಕ್ಯಾಮೆರಾಗಳಲ್ಲಿ ನಾವೇ ಗೊತ್ತುಮಾಡಬಹುದು. ಕಂಬಳಕ್ಕೆ ತಾಳ್ಮೆಯ ಕಡೆಗೇ ತಿರುಗಿಸಬೇಕು. ಇದೇ ಉದ್ದೇಶಕ್ಕೆ ಅನುಭವಸ್ಥರು ಇನ್ನೊಂದು ಉಪಾಯ ಮಾಡುತ್ತಾರೆ: ಫೋಕಸಿನ ಕೆಲಸವನ್ನು ತೋರುಬೆರಳಿನ ಗುಂಡಿಯಿಂದ ತೆಗೆದು ಬೆನ್ನಿನ ಮೇಲಿನ ಹೆಬ್ಬೆರಳಿನ ಗುಂಡಿಗೆ ವಹಿಸಿಬಿಡುತ್ತಾರೆ. ನೀರಿನ ತೆರೆ ಎದ್ದ ಕ್ಷಣದಲ್ಲಿ ಹೆಬ್ಬೆರಳನ್ನು ಎತ್ತಿದರೆ ಫೋಕಸು ನಿಂತಲ್ಲಿ ನಿಲ್ಲುತ್ತದೆ, ತೆರೆ ಇಳಿದೊಡನೆ ಮತ್ತೆ ಒತ್ತಿದರೆ ಮುಂದುವರಿಯುತ್ತದೆ. ಅಭ್ಯಾಸಕ್ಕೆ ಒಂದು ವಾರ ಬೇಕಾದೀತು. ಆಮೇಲೆ ಹಳೆಯ ಪದ್ಧತಿಗೆ ಮರಳುವವರು ಬಹಳ ಕಡಮೆ.

ನಿಲ್ಲುವ ಜಾಗದ ಮಾತನ್ನು ಹೆಚ್ಚಿನವರು ಗಮನಿಸುವುದಿಲ್ಲ; ನಮಗಂತೂ ಇದು ಯಂತ್ರದ ತಿರುಪುಗಳಿಗಿಂತ ಮುಖ್ಯವೆನಿಸುತ್ತದೆ. ಓಟ ಮುಗಿಯುವ ಮಂಜೊಟ್ಟಿಯ ನಟ್ಟನಡುವೆ ನಿಂತರೆ ಕೋಣಗಳು ತಮ್ಮ ಪೂರ್ಣವೇಗದಿಂದ ಕ್ಯಾಮೆರಾದ ಕಡೆಗೆ ಬರುತ್ತವೆ. ಬದಿಗೆ ಸರಿದು, ನಮ್ಮ ದೃಷ್ಟಿಯ ರೇಖೆಯು ಓಟದ ದಾರಿಗೆ 60 ಡಿಗ್ರಿಯಷ್ಟು ಓರೆಯಾಗುವ ಸ್ಥಳದಲ್ಲಿ ಅವನ್ನು ಹಿಡಿದರೆ, ಅವು ನಮ್ಮನ್ನು ಸಮೀಪಿಸುವ ವೇಗ ಅರ್ಧಕ್ಕೆ ಇಳಿದಿರುತ್ತದೆ. ಕೋಣಗಳ ಓಟ ಹಾಗೆಯೇ ಇದೆ, ಯಂತ್ರದ ಕಷ್ಟ ಮಾತ್ರ ಅರ್ಧವಾಯಿತು. ಓರೆಯಿಂದ ನೋಡಿದಾಗ ಕೋಣಗಳ ಹಿಂದಿರುವ ಮನುಷ್ಯನು ಮರೆಯಾಗುವುದೂ ಇಲ್ಲ. ಅವನ ಚಾಚಿದ ಕಾಲು, ಬಿಗಿದ ತೋಳು, ಮುಂದಕ್ಕೆ ಬಾಗಿದ ಎದೆ ಎಲ್ಲವೂ ಕಾಣುತ್ತವೆ. ಮಂಜೊಟ್ಟಿಯನ್ನೇರಿದ ಕೋಣಗಳು ಅಲ್ಲಿಗೇ ನಿಲ್ಲುವುದಿಲ್ಲವೆಂಬುದನ್ನು ಕರಾವಳಿಯವರಿಗೆ ನಾವು ಹೇಳಬೇಕಾಗಿಲ್ಲ. ಆದರೂ ಕ್ಯಾಮೆರಾಕ್ಕೆ ಕಣ್ಣಿಟ್ಟವರಿಗೆ ದೂರದ ಅಂದಾಜು ತಪ್ಪುತ್ತದೆ. ಚಿತ್ರಕ್ಕಾಗಿ ಪಕ್ಕೆಲುಬು ಕೊಡುವುದು ಬೇಡ.

ಲೆಕ್ಕದಲ್ಲಿ ಕಂಡಂತೆ 40 ಮೀಟರಿನಿಂದ 20 ಮೀಟರಿನವರೆಗೆ ಬರುವ ಹೊತ್ತೇ ಚಿತ್ರಕ್ಕೆ ಶ್ರೇಷ್ಠವಾದುದು. ಅದು ಎರಡು ಸೆಕೆಂಡಿನ ಹೊತ್ತಿಗೆ ತುಸು ಕಡಮೆ. ಆಗಲೇ ಒಂದೇಸಮನೆ ಚಿತ್ರಗಳನ್ನು ತೆಗೆಯತಕ್ಕದ್ದು. ಶಟರು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ನಿಧಾನವಾಗಿರಕೂಡದು. ಅಷ್ಟರಲ್ಲಿ ಕೋಣವು ಒಂದು ಸೆಂಟಿಮೀಟರು ಚಲಿಸುತ್ತದೆ. ಇನ್ನೂರೈವತ್ತರ ಒಂದು ಭಾಗಕ್ಕೆ ಇಳಿಸಿದರೆ ನಾಲ್ಕು ಸೆಂಟಿಮೀಟರಾಗಿ, ಫೋಕಸು ಸರಿಯಿದ್ದರೂ ಚಿತ್ರ ಒರಸಿದಂತಾಗುತ್ತದೆ. ನಡುಹಗಲಿನ ಬಿಸಿಲಿದ್ದರೆ ಕಿಂಡಿಯನ್ನು ಎಫ್ 8ಕ್ಕೆ ಕಿರಿದುಮಾಡುವುದು ಲೇಸು. ಆಗ 30 ಮೀಟರಿನಲ್ಲಿ ಸ್ಪಷ್ಟವಾದ ಪಟ್ಟಿ ಎರಡೂಕಾಲರಿಂದ ಮೂರು ಮೀಟರಿಗೂ ಮೇಲೇರಿ, ಕೋಣಗಳೂ ಮನುಷ್ಯನೂ ಒಟ್ಟಿಗೆ ಅದರೊಳಗೆ ಸೇರುವ ಸಂಭವವಿದೆ. ರಾತ್ರಿಯ ಹೊನಲುಬೆಳಕಿನ ಓಟಗಳಿಗೆ ಹಳೆಯ ಕ್ಯಾಮೆರಾವನ್ನು ನಂಬಿ ಕೂರಬಾರದು. ಫ್ಲಾಷನ್ನು ಕೋಣಗಳ ಕಣ್ಣಿಗೆ ಹಾಯಿಸುವುದಂತೂ ಖಂಡಿತ ಕೂಡದು.

ಸ್ವಯಂಫೋಕಸು ಹುಟ್ಟುವ ಮೊದಲು ಕ್ರೀಡೆಗಳ ಚಿತ್ರ ತೆಗೆದವರು ಏನು ಮಾಡುತ್ತಿದ್ದರು? ಓಟಗಾರನನ್ನು ಹುಡುಕಿಕೊಂಡು ಹೋಗದೆ, ಅವನು ಬಂದೇಬರುವ ಸ್ಥಳಕ್ಕೆ ಫೋಕಸನ್ನು ಇಟ್ಟು ಕಾದಿರುತ್ತಿದ್ದರು. ಈ ಹಳೆಯ ಉಪಾಯಕ್ಕೆ ಕನೆಹಲಗೆಯ ಓಟದಷ್ಟು ಹೊಂದುವಂಥದು ಬೇರೊಂದಿಲ್ಲ. ಅಲ್ಲಿ ಹಲಗೆಯ ಮೇಲೆ ನಿಂತವನ ಕಾಲಬಳಿಯ ತೂತುಗಳಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ಆ ನಿಶಾನೆಯ ಸ್ಥಳ ಎಲ್ಲರಿಗೂ ಮುಂಚಿತವಾಗಿ ಗೊತ್ತು. ಅದರ ನೇರ ಕೆಳಗೆ ಕರೆಯ ಅಂಚಿನಲ್ಲಿರುವ ಯಾವುದಾದರೂ ಗುರುತಿಗೆ ಫೋಕಸು ಮಾಡಿ, ಲೆನ್ಸಿನ ಮೇಲಿನ ಸಣ್ಣ ತಿರುಪನ್ನು ಕೈಫೋಕಸಿಗೆ ಬದಲಿಸಿಬಿಟ್ಟರೆ ಯಂತ್ರವು ಗಲಿಬಿಲಿಗೊಳ್ಳಲು ಕಾರಣವೇ ಉಳಿಯದು. ಒತ್ತುವುದು ಮಾತ್ರ ಹಲಗೆಯು ಗುರುತಿಗೆ ಬರುವುದಕ್ಕಿಂತ ಒಂದು ಮೀಟರಿನಷ್ಟು ಮೊದಲು. ಶಾಲೆಯ ಓಟದ ಗೆಲುವಿನ ಗೆರೆಗೂ, ಎತ್ತರ ಜಿಗಿತದ ಅಡ್ಡಕೋಲಿಗೂ ಇದನ್ನೇ ಪ್ರಯೋಗಿಸಬಹುದು.

ಇಷ್ಟೆಲ್ಲ ಮಾಡಿಯೂ ಪ್ರತಿಯೊಂದು ಚಿತ್ರದಲ್ಲಿಯೂ ಫೋಕಸು ಒಂದೇ ಕಡೆಗೆ, ಸದಾ ಮುಂದಕ್ಕೋ ಸದಾ ಹಿಂದಕ್ಕೋ, ಬೀಳುತ್ತಿದ್ದರೆ ಕ್ಯಾಮೆರಾಕ್ಕೂ ಲೆನ್ಸಿಗೂ ಹೊಂದಿಕೆ ತಪ್ಪಿರಬಹುದು. ಕನ್ನಡಿಯುಳ್ಳ ಜಾತಿಯಲ್ಲಿ ಇದು ಅಪರೂಪವಲ್ಲ. ಮನೆಯಲ್ಲಿಯೇ ಪರೀಕ್ಷಿಸಬಹುದು: ಒಂದು ಹಲಗೆಗೆ ವೃತ್ತಪತ್ರಿಕೆಯನ್ನು ಅಂಟಿಸಿ ಓರೆಯಾಗಿ ನಿಲ್ಲಿಸಿ, ನಡುವಿನ ಒಂದು ಸಾಲಿಗೆ ಪೆನ್ಸಿಲಿನಿಂದ ದಪ್ಪ ಗೆರೆಯೆಳೆದು, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು ಆ ಗೆರೆಗೆ ಫೋಕಸು ಮಾಡಿ ಹತ್ತು ಚಿತ್ರ ತೆಗೆಯಲಿ. ಹತ್ತರಲ್ಲಿಯೂ ಗೆರೆಯ ಸಾಲು ಬಿಟ್ಟು ಬೇರೊಂದು ಸಾಲೇ ಸ್ಪಷ್ಟವಾಗಿ ಬಂದರೆ ದುರಸ್ತಿಯವರ ಬಳಿಗೆ ಒಯ್ಯಬೇಕು. ಅದಕ್ಕೆ ತಗಲುವ ವೆಚ್ಚಕ್ಕೂ ಹೊಸ ಕ್ಯಾಮೆರಾದ ಬೆಲೆಗೂ ಹೋಲಿಕೆಯೇ ಇಲ್ಲ.

ಹೊಸ ಯಂತ್ರಗಳನ್ನು ನಾವು ಹಳಿಯುತ್ತಿಲ್ಲ. 2017ರಲ್ಲಿ ಬಂದ ಸೋನಿ ಆಲ್ಫಾ 9 ಎಂಬುದೇ ಸೆಕೆಂಡಿಗೆ 60 ಸಲ ಅಳತೆ ತೆಗೆದು 20 ಚಿತ್ರಗಳನ್ನು ಹಿಡಿಯಬಲ್ಲುದಾಗಿತ್ತು. ನಡುವೆ ಕನ್ನಡಿಯ ಕುರುಡಿಲ್ಲ. ಈಚಿನವು ಮನುಷ್ಯನ ಕಣ್ಣನ್ನು ಗುರುತಿಸಿ ಬೆನ್ನಟ್ಟುತ್ತವೆ. ನಾಯಿ, ಬೆಕ್ಕು, ಹಕ್ಕಿ, ಕೆಲವು ಕುದುರೆಯನ್ನೂ ಬಲ್ಲವು. ನಾವು ಕಂಡ ಪಟ್ಟಿಗಳಲ್ಲಿ ಕೋಣದ ಹೆಸರಿರಲಿಲ್ಲ. ತುಳುನಾಡಿನವರು ಈ ಅವಮಾನವನ್ನು ಮನಸ್ಸಿಗೆ ಹಚ್ಚಿಕೊಳ್ಳದಿರಲಿ. ರಾತ್ರಿಯ ಓಟಗಳನ್ನೇ ತೆಗೆಯುವವರಿಗೆ, ಚಿತ್ರವೇ ಜೀವನೋಪಾಯವಾದವರಿಗೆ ಆ ವೆಚ್ಚ ಸಾರ್ಥಕ. ಒಂದು ಋತುವಿನ ಒಂದು ಚಿತ್ರಕ್ಕಾಗಿ ಅಡಕೆಯ ಹಣವನ್ನೆಲ್ಲ ಸುರಿಯಬೇಕೆಂದು ನಾವು ಹೇಳಲಾರೆವು. ಹಗಲಿನ ಓಟಗಳಿಗೆ ಅವರ ಹಳೆಯ ಕ್ಯಾಮೆರಾ ಸಾಕು. ಅಷ್ಟಾಗಿಯೂ ಧೈರ್ಯ ಸಾಲದಿದ್ದರೆ ದೊಡ್ಡ ಊರುಗಳಲ್ಲಿ ಕ್ಯಾಮೆರಾ, ಲೆನ್ಸುಗಳನ್ನು ದಿನದ ಬಾಡಿಗೆಗೆ ಕೊಡುವವರಿದ್ದಾರೆ. ಅಣ್ಣನವರು ಓಡುವ ಒಂದು ಕಂಬಳಕ್ಕೆ ತಂದುಕೊಳ್ಳಬಹುದು. ಆದರೆ ಕೈಗೆ ಒಗ್ಗದ ಯಂತ್ರವನ್ನು ಅದೇ ಬೆಳಗ್ಗೆ ಹಿಡಿದು ಹೋಗುವುದಕ್ಕಿಂತ ಒಗ್ಗಿದ ಹಳೆಯದೇ ಮೇಲು.

ಕಂಬಳದ ಋತುವು ನವೆಂಬರಿನಲ್ಲಿ ಆರಂಭವಾಗುವುದರಿಂದ ಅದಕ್ಕೆ ಮುಂಚೆ ಅಭ್ಯಾಸ ಮಾಡಿಕೊಳ್ಳಲಿ. ಕೋಣಗಳ ವೇಗವು ಗಂಟೆಗೆ ಸುಮಾರು 38 ಕಿಲೋಮೀಟರು. ಜನಸಂಚಾರವಿಲ್ಲದ ನೇರವಾದ ರಸ್ತೆಯಲ್ಲಿ ಮನೆಯವರೊಬ್ಬರು ಅದೇ ವೇಗದಿಂದ ಸ್ಕೂಟರನ್ನು ನಡೆಸಿಕೊಂಡು ಬಂದರೆ ಯಂತ್ರಕ್ಕೆ ಭೇದ ತಿಳಿಯದು. ಫೋಕಸಿನ ಬಿಂದುವನ್ನು ಸ್ಕೂಟರಿನ ದೀಪದ ಮೇಲಿಡದೆ ಹಿಂದೆ ಕುಳಿತವರ ಮುಖದ ಮೇಲೆ ಇಡತಕ್ಕದ್ದು. ನಲವತ್ತು ಮೀಟರಿಗೊಂದು, ಇಪ್ಪತ್ತು ಮೀಟರಿಗೊಂದು ಕಲ್ಲನ್ನು ರಸ್ತೆಯ ಅಂಚಿಗಿಟ್ಟು, ಮೊದಲನೆಯ ಕಲ್ಲಿನಲ್ಲಿ ಒತ್ತಲು ತೊಡಗಿ ಎರಡನೆಯದರಲ್ಲಿ ಬೆರಳೆತ್ತಬೇಕು. ದಿನಕ್ಕೆ ಹತ್ತು ಸುತ್ತಿನಂತೆ ಎರಡು ವಾರ ಸಾಕು. ಹಿಂದೆ ಕೂರುವುದಕ್ಕೆ ಅಣ್ಣನವರನ್ನೇ ಒಪ್ಪಿಸಿದರೆ ಉತ್ತಮ, ಮೊಣಕಾಲಿಗೂ ವಿಶ್ರಾಂತಿ.